ಸುಮ್ಮನೆ ಹೆದರಿಸೋಣ, ಅಷ್ಟೇ



ಈ ದತ್ತಿ ಉಪನ್ಯಾಸ ಇರುವುದು ಜೀವಮಾನವಿಡೀ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಒಬ್ಬ ಮೇಷ್ಟ್ರ ನೆನಪಿಗಾಗಿ. ಹದಿಹರೆಯದವರ ಓದಿನ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದಾಗ ಹತ್ತಾರು ಪುಸ್ತಕಗಳನ್ನು ಪಟ್ಟಿ ಮಾಡುವ ಬದಲು ಒಂದೇ ಕಾದಂಬರಿಯನ್ನು ಹಿಡಿದು ಕೂರಬೇಕೆನ್ನಿಸಿತು. ಅಮೆರಿಕದ ಲೇಖಕಿ ಲೋಯಿಸ್ ಡಂಕನ್ 1978ರಲ್ಲಿ ಪ್ರಕಟಿಸಿದ ‘ಕಿಲ್ಲಿಂಗ್ ಮಿಸ್ಟರ್ ಗ್ರಿಫಿನ್’. ಅದರಲ್ಲಿ ಅಪಹರಣಕ್ಕೊಳಗಾಗುವವರು ಒಬ್ಬ ಇಂಗ್ಲಿಷ್ ಮೇಷ್ಟ್ರು, ಅಪಹರಿಸುವವರು ಅವರ ವಿದ್ಯಾರ್ಥಿಗಳು. ಮೇಷ್ಟ್ರೊಬ್ಬರ ನೆನಪಿನ ಸಭೆಯಲ್ಲಿ ಇದು ಅಪಶಕುನದ ಮಾತೆಂದು ಯಾರಿಗಾದರೂ ಅನ್ನಿಸಿದರೆ ಕ್ಷಮೆಯಿರಲಿ. ಮೇಷ್ಟ್ರ ಬಗ್ಗೆ ಮತ್ತು ಮಕ್ಕಳ ಬಗ್ಗೆ ಏಕಕಾಲಕ್ಕೆ ಇಷ್ಟು ಕಾಳಜಿಯಿಂದ ಬರೆದ ಇನ್ನೊಂದು ಥ್ರಿಲ್ಲರನ್ನು ನಾನು ಓದಿಲ್ಲ.

ಕತೆ ಓದದವರಿಗಾಗಿ ಸ್ವಲ್ಪ ಹೇಳುತ್ತೇನೆ. ನ್ಯೂ ಮೆಕ್ಸಿಕೋ ರಾಜ್ಯದ ಡೆಲ್ ನಾರ್ಟೆ ಹೈಸ್ಕೂಲು. ಬ್ರಯಾನ್ ಗ್ರಿಫಿನ್ ಅಲ್ಲಿಯ ಇಂಗ್ಲಿಷ್ ಮೇಷ್ಟ್ರು. ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಹೈಸ್ಕೂಲಿಗೆ ಬಂದವರು. ಕಾಲೇಜಿಗೆ ಬರುವ ಮಕ್ಕಳಿಗೆ ಶಿಸ್ತಿಲ್ಲ, ಅದನ್ನು ಬುಡದಲ್ಲೇ ಸರಿಮಾಡಬೇಕು ಎಂಬ ನಂಬಿಕೆ ಅವರದು. ತಡವಾಗಿ ಕೊಟ್ಟ ಬರಹವನ್ನು ಮುಟ್ಟುವುದಿಲ್ಲ. ಗಾಳಿ ಹಾರಿಸಿಕೊಂಡು ಹೋಯಿತು ಎಂದರೂ ಕೇಳುವುದಿಲ್ಲ. ಒಳ್ಳೆಯ ಅಂಕ ಅವರ ಕೈಯಿಂದ ಉದುರುವುದಿಲ್ಲ. ತರಗತಿಯಲ್ಲಿ ಅವರು ಪಾಠ ಮಾಡುತ್ತಿರುವುದು ‘ಹ್ಯಾಮ್ಲೆಟ್’. ಸೇಡಿನ ನಾಟಕ ಓದುತ್ತ ಕೂತ ಮಕ್ಕಳೇ ಮೇಷ್ಟ್ರ ಮೇಲೆ ಸೇಡು ತೀರಿಸಿಕೊಳ್ಳಲು ಹೊರಡುತ್ತಾರೆ. ಲೇಖಕಿ ಇದನ್ನು ಎಲ್ಲಿಯೂ ಬೆರಳು ಮಾಡಿ ತೋರಿಸುವುದಿಲ್ಲ.

ಮಕ್ಕಳು ಐವರು. ಮಾರ್ಕ್ ಎಂಬವನು ಕದ್ದ ಬರಹವನ್ನು ತನ್ನದೆಂದು ಕೊಟ್ಟು ಸಿಕ್ಕಿಬಿದ್ದು ಗ್ರಿಫಿನ್ ಮೇಷ್ಟ್ರ ಮುಂದೆ ತಲೆ ತಗ್ಗಿಸಬೇಕಾಗಿ ಬಂದವನು. ಅವನ ಗೆಳೆಯ ಜೆಫ್ ಬಾಸ್ಕೆಟ್‌ಬಾಲ್ ಆಟಗಾರ. ಬೆಟ್ಸಿ ಎಂಬ ಚೆಲುವೆ. ಡೇವಿಡ್ ಹಿರಿಯ ವಿದ್ಯಾರ್ಥಿಗಳ ನಾಯಕ. ಅಪ್ಪ ಬಿಟ್ಟುಹೋದ ಮನೆಯಲ್ಲಿ ತಾಯಿ ಮತ್ತು ಅಜ್ಜಿಯ ಜೊತೆ, ಸದಾ ಒಳ್ಳೆಯ ಹುಡುಗನಾಗಿಯೇ ಇದ್ದು ಇದ್ದು ದಣಿದವನು. ಕೊನೆಯವಳು ಸೂಸನ್. ಕನ್ನಡಕದ ಹುಡುಗಿ, ಓದಿನಲ್ಲಿ ಮುಂದೆ, ಗೆಳೆಯರಿಲ್ಲ. ಡೇವಿಡ್ ತನ್ನತ್ತ ನೋಡಲಿ ಎಂಬ ಆಸೆ ಬಿಟ್ಟರೆ ಅವಳಿಗೆ ಬೇರೆ ಗುಟ್ಟಿಲ್ಲ.

ಮಾರ್ಕನ ಯೋಜನೆ ಇಷ್ಟು: ಮೇಷ್ಟ್ರನ್ನು ಮುಸುಕು ಹಾಕಿ ಬೆಟ್ಟದ ಕಡೆಗೆ ಎತ್ತಿಕೊಂಡು ಹೋಗುವುದು, ಬೇಡಿಕೊಳ್ಳುವ ತನಕ ಹೆದರಿಸುವುದು, ಬಿಟ್ಟುಬಿಡುವುದು. ಸುಮ್ಮನೆ ಹೆದರಿಸೋಣ, ಅಷ್ಟೇ. ಶಾಲೆ ಬಿಟ್ಟ ಮೇಲೆ ಮೇಷ್ಟ್ರನ್ನು ನಿಲ್ಲಿಸಿಕೊಳ್ಳುವ ಕೆಲಸ ಸೂಸನ್‌ಳದು. ನನ್ನ ಬರಹದ ಬಗ್ಗೆ ಮಾತನಾಡಬೇಕಿತ್ತು ಸಾರ್ ಎಂದರೆ ಸಾಕು, ಅವರು ನಿಲ್ಲುತ್ತಾರೆ. ನಿಲ್ಲುತ್ತಾರೆ ಕೂಡ.

ಅವರು ಬೇಡಿಕೊಳ್ಳುವುದಿಲ್ಲ. ಎದೆನೋವಿದೆ, ಮಾತ್ರೆ ಬೇಕು ಎಂದು ಕೇಳುತ್ತಾರೆ. ಮಾರ್ಕ್ ಮಾತ್ರೆಯ ಸೀಸೆಯನ್ನು ಒಡೆದುಹಾಕುತ್ತಾನೆ. ಕಟ್ಟಿದ ಹಗ್ಗದಲ್ಲೇ ಅವರನ್ನು ಬಿಟ್ಟು ಹೊರಡುತ್ತಾರೆ. ರಾತ್ರಿ ಮನಸ್ಸು ತಡೆಯದೆ ಡೇವಿಡ್ ಮತ್ತು ಸೂಸನ್ ಹಗ್ಗ ಬಿಚ್ಚಲು ಹೋದಾಗ ಮೇಷ್ಟ್ರ ಜೀವ ಹೋಗಿರುತ್ತದೆ.

ಆ ಸೀಸೆಯ ಬಳಿ ಒಂದು ನಿಮಿಷ ನಿಲ್ಲುತ್ತೇನೆ. ಗ್ರಿಫಿನ್ ಅವರಿಗಿದ್ದುದು ಆಂಜೈನಾ. ಹೃದಯದ ಸ್ನಾಯುವಿಗೆ ಸಾಕಷ್ಟು ರಕ್ತ ಸಿಗದೆ ಬರುವ ನೋವು. ಅದಕ್ಕೆ ಕೊಡುವ ನೈಟ್ರೋಗ್ಲಿಸರಿನ್ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡರೆ ಕೆಲವೇ ನಿಮಿಷಗಳಲ್ಲಿ ರಕ್ತನಾಳಗಳು ಸಡಿಲಗೊಂಡು ಹೃದಯದ ಮೇಲಿನ ಹೊರೆ ಇಳಿಯುತ್ತದೆ. ನಮ್ಮ ಕಡೆ ಇದೇ ಜಾತಿಯ ಸಾರ್ಬಿಟ್ರೇಟ್ ಎಲ್ಲರಿಗೂ ಗೊತ್ತು. ನನ್ನ ಜೊತೆ ಕೆಲಸ ಮಾಡಿದ ಗಣಿತದ ಮೇಷ್ಟ್ರೊಬ್ಬರು ಅದನ್ನು ಮನೆಯಾಕೆಯ ಹಳೆಯ ಕುಂಕುಮದ ಭರಣಿಯಲ್ಲಿ ಹಾಕಿ ಅಂಗಿಯ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗಲೆಲ್ಲ ಅದು ಪೆನ್ನಿಗೆ ತಾಕಿ ಸಣ್ಣಗೆ ಸದ್ದಾಗುತ್ತಿತ್ತು. ಮಕ್ಕಳಿಗೆ ಅವರೆಂದರೆ ಸಿಂಹಸ್ವಪ್ನ. ಆ ಸದ್ದು ಏನೆಂದು ಒಬ್ಬ ಹುಡುಗನಿಗೂ ಗೊತ್ತಿರಲಿಲ್ಲ. ಅವರು ಹೇಳಿಯೂ ಇರಲಿಲ್ಲ. ಮೇಷ್ಟ್ರಿಗೂ ಒಂದು ಎದೆಯಿದೆ, ಅದು ನೋಯುತ್ತದೆ ಎಂಬುದು ಮಕ್ಕಳ ಲೆಕ್ಕಕ್ಕೆ ಬರುವುದೇ ಇಲ್ಲ. ಡಂಕನ್ ಈ ಇಡೀ ಕಾದಂಬರಿಯನ್ನು ಆ ಲೆಕ್ಕತಪ್ಪಿನ ಮೇಲೆ ನಿಲ್ಲಿಸಿದ್ದಾರೆ.

ಕನ್ನಡದವರಿಗೆ ಈ ದೃಶ್ಯ ಹೊಸದೇನೂ ಅಲ್ಲ. 1972ರಲ್ಲಿ ಬಂದ ‘ನಾಗರಹಾವು’ ನೆನಪಿಸಿಕೊಳ್ಳಿ. ತರಾಸು ಅವರ ಕತೆ, ಪುಟ್ಟಣ್ಣ ಕಣಗಾಲ್ ಅವರ ಚಿತ್ರ. ಕಾಪಿ ಹೊಡೆಯಲು ಹೋಗಿ ಸಿಕ್ಕಿಬಿದ್ದ ರಾಮಾಚಾರಿಯನ್ನು ಪ್ರಿನ್ಸಿಪಾಲರು ಎಲ್ಲರೆದುರು ಅವಮಾನಿಸಿ ಹೊರಗೆ ಹಾಕುತ್ತಾರೆ. ರಾತ್ರಿ ಅವನು ಅವರ ಮನೆಗೆ ಕಲ್ಲು ಹೊಡೆದು, ಅಟ್ಟಿಸಿಕೊಂಡು ಬಂದವರನ್ನು ಅರೆಬತ್ತಲೆಯಾಗಿ ಕಂಬಕ್ಕೆ ಕಟ್ಟಿ ಓಡಿಹೋಗುತ್ತಾನೆ. ಟೆಂಟಿನಲ್ಲಿ ಆ ದೃಶ್ಯಕ್ಕೆ ಬಿದ್ದ ಸಿಳ್ಳೆಗಳಲ್ಲಿ ನನ್ನದೂ ಒಂದಿತ್ತು. ಆಗ ನನಗೆ ಹದಿಮೂರು. ಕಳ್ಳ ಬರಹಕ್ಕೆ ಸಿಕ್ಕಿಬಿದ್ದ ಹುಡುಗ, ತಪ್ಪಿಗಿಂತ ಅವಮಾನವೇ ದೊಡ್ಡದಾಗಿ ಕಂಡದ್ದು, ಹಗ್ಗ, ಕತ್ತಲು. ಆರು ವರ್ಷದ ನಂತರ ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ ಪ್ರಕಟವಾದ ಕಾದಂಬರಿಯಲ್ಲೂ ಇವೇ ಇವೆ. ಒಂದು ಇನ್ನೊಂದನ್ನು ನೋಡಿ ಹುಟ್ಟಿದ್ದಲ್ಲ. ಆ ವಯಸ್ಸಿನ ರೋಷ ಎಲ್ಲ ಕಡೆಯೂ ಒಂದೇ ದಾರಿಯಲ್ಲಿ ನಡೆಯುತ್ತದೆ. ಆದರೆ ರಾಮಾಚಾರಿಗೆ ಚಾಮಯ್ಯ ಮೇಷ್ಟ್ರಿದ್ದರು. ತಪ್ಪು ಮಾಡಿದ ಮೇಲೂ ಹೋಗಿ ಕೂರಬಹುದಾದ ಒಂದು ಜಗಲಿ ಅವನಿಗಿತ್ತು. ಡೆಲ್ ನಾರ್ಟೆಯ ಐವರಿಗೆ ಅಂಥ ಜಗಲಿಯಿಲ್ಲ. ಇನ್ನೊಂದು ಪ್ರಶ್ನೆ ಅಂದು ನನಗೆ ಹೊಳೆಯಲಿಲ್ಲ, ಈ ಕಾದಂಬರಿ ಓದಿದ ಮೇಲೆ ಹೊಳೆಯಿತು. ಆ ಕಂಬಕ್ಕೆ ಕಟ್ಟಿಸಿಕೊಂಡವರ ಎದೆ ಆ ರಾತ್ರಿ ನಿಂತಿದ್ದರೆ?

ಸೇಡಿಗೆ ನಮ್ಮಲ್ಲಿ ಮುಯ್ಯಿ ಎಂಬ ಮಾತಿದೆ. ಮದುವೆ ಮನೆಯಲ್ಲಿ ಮುಯ್ಯಿ ಕೊಡುತ್ತೇವೆ, ಯಾರು ಎಷ್ಟು ಕೊಟ್ಟರು ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸುತ್ತೇವೆ. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುತ್ತೇವೆ. ಕೊಂದವನನ್ನು ಕೊಲ್ಲುವುದಕ್ಕೂ ಮುಯ್ಯಿ ತೀರಿಸುವುದು ಎಂದೇ ಹೇಳುತ್ತೇವೆ. ಉಡುಗೊರೆಗೂ ಹಗೆಗೂ ಒಂದೇ ಮಾತನ್ನು ಇಟ್ಟ ಹಿರಿಯರಿಗೆ ಸೇಡೆಂಬುದು ಒಂದು ಲೆಕ್ಕದ ವ್ಯವಹಾರ ಎಂದು ಗೊತ್ತಿತ್ತು. ಮಾರ್ಕನೂ ಲೆಕ್ಕ ಬರೆದಿಟ್ಟುಕೊಂಡವನೇ. ನಾನು ತಲೆ ತಗ್ಗಿಸಿದೆ, ಅವರೂ ತಗ್ಗಿಸಲಿ. ಆದರೆ ಉಳಿದ ನಾಲ್ವರ ಪುಸ್ತಕದಲ್ಲಿ ಹಾಗೆ ಬರೆಯುವಂಥದ್ದು ಏನೂ ಇಲ್ಲ. ಕಡಿಮೆ ಅಂಕ ಬಂತು, ಮುಖಕ್ಕೆ ಹೊಡೆದ ಹಾಗೆ ಮಾತನಾಡಿದರು, ಅಷ್ಟೇ. ಅವರು ತೀರಿಸಲು ಹೊರಟದ್ದು ಬೇರೊಬ್ಬನ ಮುಯ್ಯಿ. ಯಾಕೆ ಹೊರಟರು?

ನನಗೆ ಈ ಕಾದಂಬರಿ ಮುಖ್ಯವಾಗುವುದು ಈ ಪ್ರಶ್ನೆಯಿಂದ. ಕೊಲೆಗಾರ ಯಾರು ಎಂದು ಹುಡುಕುವ ಕತೆ ಇದಲ್ಲ, ಅದು ನಮಗೆ ಮೊದಲೇ ಗೊತ್ತು. ಒಳ್ಳೆಯ ಮಗು ಯಾವ ಗಳಿಗೆಯಲ್ಲಿ ಹೂಂ ಎನ್ನುತ್ತದೆ ಎಂಬುದನ್ನು ಹುಡುಕುವ ಕತೆ.

ನಿವೃತ್ತನಾಗುವ ಮೊದಲಿನ ವರ್ಷ ಒಂಬತ್ತನೇ ತರಗತಿಗೆ ನಾಲ್ಕು ಶನಿವಾರ ಈ ಕತೆಯನ್ನು ಕನ್ನಡದಲ್ಲಿ ಹೇಳಿದೆ. ಎರಡನೇ ಶನಿವಾರ, ಮೇಷ್ಟ್ರನ್ನು ಕಟ್ಟಿಹಾಕುವ ಭಾಗ ಮುಗಿದ ಮೇಲೆ ಕೇಳಿದೆ: ‘ನೀವಾಗಿದ್ದರೆ ಎಲ್ಲಿ ಬೇಡ ಅಂತಿದ್ರಿ?’ ಎಲ್ಲರೂ ಒಟ್ಟಿಗೆ ‘ಮೊದಲೇ ಸಾರ್’ ಎಂದರು. ಅದು ಪಾಠದ ಉತ್ತರ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಕಿಟಕಿ ಪಕ್ಕದ ಹುಡುಗನೊಬ್ಬ ಎದ್ದು, ‘ಸಾರ್, ಮಾತ್ರೆ ಕೊಡ್ತಿದ್ದೆ. ಹಗ್ಗ ಬಿಚ್ಚೋಕೆ ಧೈರ್ಯ ಆಗ್ತಿರಲಿಲ್ಲ’ ಎಂದ. ಯಾರೂ ನಗಲಿಲ್ಲ. ಗಂಟೆ ಹೊಡೆದು ಎಲ್ಲರೂ ಹೊರಟಾಗ, ತರಗತಿಯಲ್ಲಿ ಬಾಯಿಬಿಡದ ಹುಡುಗಿಯೊಬ್ಬಳು ಮೇಜಿನ ಹತ್ತಿರ ಬಂದು ಚೀಲದ ಪಟ್ಟಿ ತಿರುಚುತ್ತ ಹೇಳಿದಳು: ‘ನನ್ನನ್ನೂ ಸೇರಿಸಿಕೊಂಡರಲ್ಲ ಅಂತ ಖುಷಿ ಆಗಿಬಿಡ್ತಿತ್ತು ಸಾರ್. ಆಮೇಲೆ ಬೇಡ ಅನ್ನೋದು ಹೇಗೆ?’

ಅವಳು ಸೂಸನ್‌ಳನ್ನು ನನಗಿಂತ ಚೆನ್ನಾಗಿ ಅರಿತಿದ್ದಳು. ಸೂಸನ್‌ಗೆ ಮೇಷ್ಟ್ರ ಮೇಲೆ ದ್ವೇಷವಿಲ್ಲ. ಅವಳಿಗೆ ಬೇಕಾದದ್ದು ಗುಂಪಿನಲ್ಲಿ ಒಂದು ಜಾಗ. ಡೇವಿಡ್‌ನಿಗೆ ಒಂದು ದಿನದ ಮಟ್ಟಿಗೆ ಜವಾಬ್ದಾರಿಯಿಂದ ಬಿಡುಗಡೆ ಬೇಕು. ಮಾರ್ಕನಿಗೆ ಯಾರಿಗೆ ಯಾವ ಹಸಿವು ಎಂಬುದು ಗೊತ್ತು, ಅವನ ಬುದ್ಧಿವಂತಿಕೆಯೆಲ್ಲ ಅದರಲ್ಲಿದೆ. ಡಂಕನ್ ಅವನನ್ನು ಕೊನೆಯಲ್ಲಿ ಮನೋರೋಗಿ ಎಂದು ಹೆಸರಿಟ್ಟು ಕರೆಯುತ್ತಾರೆ. ಇಲ್ಲಿ ನನಗೆ ಲೇಖಕಿಯ ಜೊತೆ ಜಗಳವಿದೆ. ಆ ಹೆಸರು ಬಂದ ತಕ್ಷಣ ಓದುವ ಮಗು ನಿಟ್ಟುಸಿರು ಬಿಡುತ್ತದೆ, ಸದ್ಯ, ನಾನು ಅಂಥವನಲ್ಲ ಎಂದು. ಉಳಿದ ನಾಲ್ವರು ಮಾಮೂಲಿ ಮಕ್ಕಳು ಎಂಬ ಸತ್ಯ ಆ ನಿಟ್ಟುಸಿರಿನಲ್ಲಿ ಮಸುಕಾಗುತ್ತದೆ. ಪುಸ್ತಕದ ದುರ್ಬಲ ಪುಟಗಳು ಅವು.

ಬಲವಾದ ಪುಟಗಳು ಸಾವಿನ ನಂತರದವು. ಪಾಪಪ್ರಜ್ಞೆ ಎಂದರೆ ಅಳು, ಪಶ್ಚಾತ್ತಾಪ, ಉರುಳಾಟ ಎಂದು ನಾವು ಸಿನಿಮಾ ನೋಡಿ ಕಲಿತಿದ್ದೇವೆ. ಇಲ್ಲಿ ಅದು ಮೊದಲು ಬರುವುದು ಕೆಲಸದ ರೂಪದಲ್ಲಿ. ಹೆಣ ಹೂಳಬೇಕು. ಮೇಷ್ಟ್ರ ಕಾರನ್ನು ಸಾಗಿಸಬೇಕು. ಕೊನೆಯದಾಗಿ ಅವರನ್ನು ಕಂಡ ಸೂಸನ್ ಪೊಲೀಸರೆದುರು, ಮೇಷ್ಟ್ರ ಬಸುರಿ ಹೆಂಡತಿ ಕ್ಯಾಥಿಯೆದುರು ಸುಳ್ಳು ಹೇಳಬೇಕು. ಒಂದು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಡೇವಿಡ್ ಹೆಣದ ಬೆರಳಿನಿಂದ ಉಂಗುರ ತೆಗೆದಿಟ್ಟುಕೊಂಡಿರುತ್ತಾನೆ. ಅದು ಅಜ್ಜಿಯ ಕೈಗೆ ಸಿಗುತ್ತದೆ. ಬಿಟ್ಟುಹೋದ ಮಗನದೇ ಉಂಗುರ, ಅವನು ಬಂದಿದ್ದಾನೆ ಎಂದು ಆ ಮುದುಕಿ ನಂಬುತ್ತಾಳೆ, ಎದೆಗವಚಿಕೊಂಡು ಕೊಡುವುದಿಲ್ಲ ಎನ್ನುತ್ತಾಳೆ. ಆ ಉಂಗುರಕ್ಕಾಗಿ ಮಾರ್ಕ್ ಅವಳನ್ನು ಕೊಲ್ಲುತ್ತಾನೆ. ನಿಜ ಹೇಳಿಬಿಡುತ್ತೇನೆ ಎಂದ ಸೂಸನ್‌ಳನ್ನು ಅವಳ ಮನೆಯಲ್ಲೇ ಕಟ್ಟಿಹಾಕಿ ಬೆಂಕಿಯಿಡುತ್ತಾನೆ. ಅವಳನ್ನು ಹೊರಗೆಳೆದು ಉಳಿಸುವವರಲ್ಲಿ ಒಬ್ಬಳು ಕ್ಯಾಥಿ ಗ್ರಿಫಿನ್. ಗಂಡನನ್ನು ಕಳೆದುಕೊಂಡವಳು.

ಇಲ್ಲಿ ನನಗೆ ಜನ್ನನ ‘ಯಶೋಧರ ಚರಿತೆ’ ನೆನಪಾಗದೆ ಇರುವುದಿಲ್ಲ. ಯಶೋಧರ ಕೋಳಿಯನ್ನು ಕೊಲ್ಲಲಾರೆ ಎಂದಾಗ ತಾಯಿ ಹಿಟ್ಟಿನ ಕೋಳಿಯನ್ನಾದರೂ ಬಲಿಕೊಡು ಎನ್ನುತ್ತಾಳೆ. ಕತ್ತಿ ಬೀಳುತ್ತದೆ, ಹಿಟ್ಟಿನ ಕೋಳಿ ಕೂಗುತ್ತದೆ. ರಕ್ತವೇ ಹರಿಯದ ಆ ಬಲಿಗೆ ತಾಯಿಮಗ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಕೊಲ್ಲುವ ಸಂಕಲ್ಪವಿತ್ತು, ಜೀವ ಹೋಗಲಿಲ್ಲ, ಆದರೂ ಪಾಪ. ಡಂಕನ್ ಕತೆ ಇದನ್ನು ಮಗುಚಿಹಾಕಿದಂತಿದೆ. ಕೊಲ್ಲುವ ಸಂಕಲ್ಪವಿರಲಿಲ್ಲ, ಜೀವ ಹೋಯಿತು. ಜನ್ನನ ಲೆಕ್ಕದಲ್ಲಿ ಈ ಮಕ್ಕಳು ಪಾರಾಗುತ್ತಾರೆಯೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಪಾರಾಗುವುದಿಲ್ಲ. ಹೆದರಿಸುವುದೂ ಒಂದು ಹಿಂಸೆ, ಅದರ ಸಂಕಲ್ಪವಂತೂ ಐವರಲ್ಲೂ ಇತ್ತು. ಒಬ್ಬ ಮನುಷ್ಯ ತನ್ನ ಮುಂದೆ ಗೋಗರೆಯಲಿ ಎಂದು ಬಯಸಿದ ಗಳಿಗೆಯಲ್ಲೇ ಹಿಟ್ಟಿನ ಕೋಳಿ ಕೂಗಿತ್ತು.

ಲೇಖಕಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಲೋಯಿಸ್ ಡಂಕನ್ ಹುಟ್ಟಿದ್ದು 1934ರಲ್ಲಿ ಫಿಲಡೆಲ್ಫಿಯಾದಲ್ಲಿ, ಬೆಳೆದದ್ದು ಫ್ಲಾರಿಡಾದ ಸಾರಸೋಟಾದಲ್ಲಿ. ತಂದೆತಾಯಿ ಛಾಯಾಗ್ರಾಹಕರು. ಹದಿಮೂರನೇ ವಯಸ್ಸಿಗೇ ಪತ್ರಿಕೆಗೆ ಕತೆ ಮಾರಿದವರು. 1958ರ ಮೊದಲ ಕಾದಂಬರಿಯಲ್ಲಿ ಹುಡುಗನೊಬ್ಬ ಬಿಯರ್ ಕುಡಿಯುತ್ತಾನೆಂದು ಹಸ್ತಪ್ರತಿ ವಾಪಸ್ ಬಂತು. ಬಿಯರನ್ನು ಕೋಕ್ ಮಾಡಿದ ಮೇಲೆ ಅದಕ್ಕೆ ಬಹುಮಾನವೂ ಬಂತು. ಹದಿಹರೆಯದವರಿಗೆ ಬರೆಯುವುದೆಂದರೆ ಆ ಕಾಲಕ್ಕೆ ಅಷ್ಟು ಮಡಿ. 1967ರಲ್ಲಿ ಎಸ್. ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’, 1974ರಲ್ಲಿ ರಾಬರ್ಟ್ ಕಾರ್ಮಿಯರ್ ಅವರ ‘ದಿ ಚಾಕೊಲೇಟ್ ವಾರ್’ ಬಂದು ಆ ಮಡಿಯನ್ನು ಹರಿದವು. ಡಂಕನ್ ಅವರ ಹಾದಿ ಇವರ ಪಕ್ಕದ್ದೇ. 1966ರ ‘ರಾನ್ಸಮ್’ನಲ್ಲಿ ಅವರು ಶಾಲಾ ಬಸ್ಸಿನ ಮಕ್ಕಳ ಅಪಹರಣದ ಕತೆ ಬರೆದಿದ್ದರು. ಸರಿಯಾಗಿ ಹತ್ತು ವರ್ಷದ ಮೇಲೆ ಅಂಥದ್ದೇ ನಿಜವಾಗಿಯೂ ನಡೆಯಿತು: 1976ರ ಜುಲೈನಲ್ಲಿ, ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ 26 ಮಕ್ಕಳನ್ನೂ ಡ್ರೈವರನ್ನೂ ಬಸ್ ಸಮೇತ ಅಪಹರಿಸಿ, ಕಲ್ಲುಗಣಿಯೊಂದರ ಮಣ್ಣಿನಡಿ ಹೂತಿಟ್ಟ ಟ್ರೇಲರಿನೊಳಗೆ ತುಂಬಿದರು. ಡ್ರೈವರೂ ಮಕ್ಕಳೂ ಸೇರಿ ಮೇಲಿನ ಮುಚ್ಚಳ ಸರಿಸಿ, ಮಣ್ಣು ಬಗೆದು ಹೊರಬಂದರು. ಒಂದು ಜೀವವೂ ಹೋಗಲಿಲ್ಲ.

1973ರ ‘ಐ ನೋ ವಾಟ್ ಯು ಡಿಡ್ ಲಾಸ್ಟ್ ಸಮ್ಮರ್’ ಅವರ ಹೆಸರನ್ನು ಜಗತ್ತಿಗೆ ಪರಿಚಯಿಸಿತು. ಸೈಕಲ್ ಮೇಲಿದ್ದ ಪುಟ್ಟ ಹುಡುಗನಿಗೆ ಕಾರು ಗುದ್ದಿಸಿ, ಯಾರಿಗೂ ಹೇಳುವುದು ಬೇಡವೆಂದು ಆಣೆ ಮಾಡಿಕೊಂಡ ನಾಲ್ವರ ಕತೆ. ಒಂದು ವರ್ಷದ ನಂತರ ಮುಯ್ಯಿ ಕೇಳಿಕೊಂಡು ಒಬ್ಬ ಬರುತ್ತಾನೆ. ಆ ನಾಲ್ವರಲ್ಲಿ ಪುಸ್ತಕದೊಳಗೆ ಯಾರೂ ಸಾಯುವುದಿಲ್ಲ. 1997ರ ಸಿನಿಮಾ ಅದನ್ನು ಕೊಕ್ಕೆ ಹಿಡಿದ ಕೊಲೆಗಾರನ ರಕ್ತದೋಕುಳಿ ಮಾಡಿತು. ಡಂಕನ್ ಅದನ್ನು ನೋಡಿ ದಿಗಿಲುಬಿದ್ದರು. ಅದಕ್ಕೆ ಕಾರಣವಿತ್ತು. 1989ರ ಜುಲೈನಲ್ಲಿ, ತಾವು ಕತೆಗಳಿಗೆ ಹಿನ್ನೆಲೆ ಮಾಡಿಕೊಂಡಿದ್ದ ಅಲ್ಬುಕರ್ಕಿ ನಗರದಲ್ಲೇ, ಅವರ ಹದಿನೆಂಟು ವರ್ಷದ ಕಿರಿಯ ಮಗಳನ್ನು ಕಾರಿನಲ್ಲಿ ಹೋಗುತ್ತಿದ್ದಾಗ ಗುಂಡಿಟ್ಟು ಕೊಂದಿದ್ದರು. ತನಿಖೆ ತೃಪ್ತಿ ಕೊಡಲಿಲ್ಲ. ತಾಯಿಯೇ ಹುಡುಕಲು ಹೊರಟು 1992ರಲ್ಲಿ ‘ಹೂ ಕಿಲ್ಡ್ ಮೈ ಡಾಟರ್?’ ಎಂಬ ಪುಸ್ತಕ ಬರೆದರು. ಹುಡುಗಿಯರ ಮೇಲೆ ಅಪಾಯ ಎರಗುವ ಕತೆಗಳನ್ನು ಮೊದಲಿನ ಹಾಗೆ ಬರೆಯಲು ಆಮೇಲೆ ಅವರ ಕೈ ಬರಲಿಲ್ಲ, ಚಿಕ್ಕ ಮಕ್ಕಳ ಪುಸ್ತಕಗಳಿಗೆ ಮರಳಿದರು. 2016ರ ಜೂನ್‌ನಲ್ಲಿ ತೀರಿಕೊಂಡರು. ಆ ಕೊಲೆಯ ಪ್ರಕರಣದಲ್ಲಿ ಒಬ್ಬನ ಮೇಲೆ ಆರೋಪ ಹೊರಿಸಿದ್ದು 2022ರಲ್ಲಿ. ನೋಡಲು ತಾಯಿ ಇರಲಿಲ್ಲ.

‘ಕಿಲ್ಲಿಂಗ್ ಮಿಸ್ಟರ್ ಗ್ರಿಫಿನ್’ ಪುಸ್ತಕವನ್ನು ಅಮೆರಿಕದ ಶಾಲೆಗಳಿಂದ ತೆಗೆದುಹಾಕಬೇಕೆಂದು ಪೋಷಕರು ಪದೇ ಪದೇ ದೂರು ಕೊಟ್ಟಿದ್ದಾರೆ. ಅಂಥ ದೂರುಗಳನ್ನು ಲೆಕ್ಕವಿಡುವ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ 2000ದ ಪಟ್ಟಿಯಲ್ಲಿ ಇದು ನಾಲ್ಕನೆಯದು, ಹ್ಯಾರಿ ಪಾಟರ್ ಮೊದಲನೆಯದು. ಮಕ್ಕಳು ಇದನ್ನು ಓದಿ ಮೇಷ್ಟ್ರನ್ನು ಕೊಲ್ಲುವುದು ಕಲಿಯುತ್ತಾರೆ ಎಂಬ ಭಯ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಶಾಲೆಯೊಳಗೆ ಬಂದೂಕು ಬಂದ ದೇಶ ಅದು. ಆದರೆ ಪುಸ್ತಕ ಮುಚ್ಚಿಟ್ಟರೆ ಮಗುವಿನ ಕೈಯಲ್ಲಿ ಉಳಿಯುವುದು ಮೊಬೈಲ್ ಮಾತ್ರ. ಇವತ್ತಿನ ಮಾರ್ಕ್ ಮುಸುಕು, ಹಗ್ಗ ಹುಡುಕುವುದಿಲ್ಲ. ಮೇಷ್ಟ್ರು ಎಡವಿದ್ದನ್ನೋ ಮೇಡಂ ಸಿಟ್ಟಾದದ್ದನ್ನೋ ಕದ್ದು ಚಿತ್ರೀಕರಿಸಿ ಗುಂಪಿಗೆ ಹಾಕುತ್ತಾನೆ. ಸೂಸನ್‌ಳಂಥವರು ಫಾರ್ವರ್ಡ್ ಮಾಡುತ್ತಾರೆ. ಕೇಳಿದರೆ ‘ತಮಾಷೆಗೆ ಸಾರ್, ಅಷ್ಟೇ’. ಆ ‘ಅಷ್ಟೇ’ಯ ನಂತರ ಏನೇನು ನಡೆಯಬಹುದು ಎಂಬುದನ್ನು ಹದಿನಾಲ್ಕರ ಮಗುವಿಗೆ ಇನ್ನೂರು ಪುಟ ಉಸಿರುಬಿಗಿ ಹಿಡಿಸಿ ತೋರಿಸುವ ಸಾಮರ್ಥ್ಯ ನೀತಿಪಾಠಕ್ಕಿಲ್ಲ, ಥ್ರಿಲ್ಲರಿಗಿದೆ.

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಗೆ ದೊಡ್ಡ ಪರಂಪರೆ ಇದೆ. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನಿಂದ ಓದಲು ಕಲಿತವರು ಈ ಸಭೆಯಲ್ಲೇ ಇದ್ದೀರಿ. ಮಕ್ಕಳ ಪದ್ಯ, ಮಕ್ಕಳ ನಾಟಕ ನಮ್ಮಲ್ಲಿ ಶ್ರೀಮಂತವಾಗಿವೆ. ಇವೆರಡರ ನಡುವೆ, ಹದಿಮೂರಕ್ಕೂ ಹದಿನೆಂಟಕ್ಕೂ ಮಧ್ಯದವರಿಗೆ, ನಮ್ಮ ಹಾಸ್ಟೆಲ್ಲು, ಟ್ಯೂಷನ್ನು, ಬಸ್‌ಸ್ಟ್ಯಾಂಡುಗಳಲ್ಲಿ ನಡೆಯುವ ಇಂಥ ಕತೆಗಳ ಕಪಾಟು ತೀರಾ ತೆಳ್ಳಗಿದೆ. ಬರೆಯುವ ಗೆಳೆಯರೇ, ಅದನ್ನು ತುಂಬಿ. ಕೇಡಿಗನ ಬಗ್ಗೆ ಅಲ್ಲ, ಹೂಂ ಎಂದವರ ಬಗ್ಗೆ ಬರೆಯಿರಿ.

ಶಿಕ್ಷಕ ಮಿತ್ರರಿಗೆ ಒಂದು ಮಾತು. ಕಾದಂಬರಿಯಲ್ಲಿ ಕ್ಯಾಥಿ ತನ್ನ ಗಂಡನಿಗೆ, ಚೆನ್ನಾಗಿ ಬರೆಯುವವರಿಗೆ ಚೆನ್ನಾಗಿದೆ ಎಂದು ಹೇಳಿದರೆ ಏನು ತಪ್ಪು ಎಂದು ಕೇಳುತ್ತಾಳೆ. ಸೂಸನ್‌ಳ ಪ್ರತಿಭೆ ಗ್ರಿಫಿನ್ ಮೇಷ್ಟ್ರಿಗೆ ಗೊತ್ತಿತ್ತು. ಹೇಳುವುದನ್ನು ಅವರು ಮುಂದಕ್ಕೆ ಹಾಕುತ್ತ ಬಂದಿದ್ದರು. ನಾನೂ ಮೂವತ್ತೊಂದು ವರ್ಷ ಹಾಗೆ ಮುಂದಕ್ಕೆ ಹಾಕಿದವನು. ಚೀಲದ ಪಟ್ಟಿ ತಿರುಚುತ್ತ ನಿಂತಿದ್ದ ಆ ಹುಡುಗಿಗೆ, ನೀನು ಹೇಳಿದ್ದು ಈ ತರಗತಿಯಲ್ಲಿ ನಾನು ಕೇಳಿದ ಅತ್ಯುತ್ತಮ ಉತ್ತರ ಎಂದು ಅವತ್ತು ಹೇಳಲಿಲ್ಲ. ಹೇಳೋಣವೆಂದುಕೊಂಡೆ, ಬೇಸಿಗೆ ರಜೆ ಬಂತು, ನಾನು ನಿವೃತ್ತನಾದೆ. ನಿಮ್ಮ ಮೇಜಿನ ಮೇಲೆ ನೋಟ್‌ಬುಕ್ಕುಗಳು ಇನ್ನೂ ಇವೆ. ನಾಳೆಯೇ ಹೇಳಿ.